ಮಣ್ಣು ಮುಟ್ಟದ ಕೋಬಿ

ಜನವರಿ ೧೮, ಶನಿವಾರ. ಬೆಳಿಗ್ಗೆ ೬:೪೦

ನೀರು ೧೯ ಡಿಗ್ರಿ. ಪಿಎಚ್ ೬.೩. ಗೊಬ್ಬರದ ಸಾಂದ್ರತೆ, ಇಸಿ, ೨.೧. ಆರೂ ಬಕೆಟ್‌ಗಳಲ್ಲಿ ಗುಳ್ಳೆ ಸರಿಯಾಗಿ ಏಳುತ್ತಿವೆ. ಮೂರನೆಯದರ ಪಂಪಿನ ಪೈಪು ಬದಲಿಸಿದೆ. ಒಂದು ಸಸಿಯಲ್ಲಿ ಒಂಬತ್ತು ಎಲೆ, ಉಳಿದ ಐದರಲ್ಲಿ ಎಂಟೆಂಟು. ಬೇರು ಬೆಳ್ಳಗಿದೆ, ಮುಟ್ಟಿದರೆ ಜಾರುವುದಿಲ್ಲ. ಪಾಸ್.

ಹೆಂಡತಿ ವರದಾ ಚಹಾ ತಂದು ಬಾಲ್ಕನಿ ಬಾಗಿಲಲ್ಲೇ ನಿಂತಳು. ಈಚೆಗೆ ಕಾಲಿಡಲು ಜಾಗ ಉಳಿದಿಲ್ಲ.

"ಹಡಪಸರದ ಫ್ಯಾಕ್ಟರ್ಯಾಗ ಮೂವತ್ನಾಕು ವರ್ಷ ಗೇರ್ ಅಳದದ್ದು ಸಾಲಲಿಲ್ಲ ಅನಸ್ತದ. ಈಗ ಕೋಬಿ ಅಳಿಯೂದು ಸುರು ಮಾಡೀರಿ."

"ಇದಕ್ಕ ಹೈಡ್ರೋಪೋನಿಕ್ಸ್ ಅಂತಾರ."

"ಏನರ ಅನ್ರಿ. ಅರಿವಿ ಎಲ್ಲಿ ಒಣಹಾಕ್ಲಿ, ಅಷ್ಟ ಹೇಳ್ರಿ."

ರಿಟೈರ್ ಆಗಿ ಹದಿನಾಲ್ಕು ತಿಂಗಳು. ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡಿದ ಕೈ ಸುಮ್ಮನಿರುವುದಿಲ್ಲ. ಪುಣೆಯ ವಾಕಡದ ಈ ಏಳನೇ ಮಹಡಿಯಲ್ಲಿ ಮಣ್ಣಿಲ್ಲ, ಬಕೆಟ್ ಇದೆ. ನೀರು, ಒಂದು ಹಿಡಿ ತೆಂಗಿನ ನಾರು, ಎರಡು ಬಾಟಲಿ ಗೊಬ್ಬರ. ಮಾರ್ಚ್ ಮಧ್ಯಕ್ಕೆ ಕೋಬಿ, ಅಂದರೆ ಎಲೆಕೋಸು, ಗಡ್ಡೆ ಕಟ್ಟಬೇಕು.

ಫೆಬ್ರವರಿ ೧೬, ಭಾನುವಾರ

ನೀರು ೨೫. ಪಿಎಚ್ ೬.೫. ಎಲೆಗಳು ಊಟದ ತಟ್ಟೆಯಷ್ಟು ಅಗಲ. ನೋಡಲು ಚಂದ. ಗಡ್ಡೆ ಇನ್ನೂ ಇಲ್ಲ.

ಪಕ್ಕದ ಫ್ಲ್ಯಾಟಿನ ಅಮೇಯ ಫೋಟೋ ತೆಗೆದು ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ನಲವತ್ತೊಂದು ಹೆಬ್ಬೆರಳು ಬಂದವು. ಎಣಿಸಿದೆ. ಸಂಜೆ ಲಿಫ್ಟಿನಲ್ಲಿ ಯಾರೋ ಹೆಣ್ಣುಮಗಳು "ಕೋಬೀವಾಲೇ ಕಾಕಾ" ಅಂದಳು. ಇಲ್ಲಿಗೆ ಬಂದು ಒಂಬತ್ತು ವರ್ಷ. ಲಿಫ್ಟಿನಲ್ಲಿ ಯಾರೂ ನನ್ನ ಮುಖ ನೋಡಿ ಮಾತಾಡಿದ್ದಿಲ್ಲ. ಬಹಳ ಖುಷಿಯಾಯಿತು. ಬರೆದಿಡುತ್ತೇನೆ, ಓದುವವರು ಯಾರಿದ್ದಾರೆ.

ಮಾರ್ಚ್ ೬, ಗುರುವಾರ. ಮಧ್ಯಾಹ್ನ ೨

ನೀರು ೩೦. ಗ್ರಿಲ್ ಮುಟ್ಟಿದರೆ ಕೈ ಸುಡುತ್ತದೆ. ಫ್ರೀಜರಿನಲ್ಲಿ ನೀರಿನ ಬಾಟಲಿ ಗಟ್ಟಿ ಮಾಡಿ ಬಕೆಟ್‌ಗೆ ಇಳಿಸುತ್ತಿದ್ದೇನೆ, ದಿನಕ್ಕೆ ಹನ್ನೆರಡು. ವರದಾಳ ಬಟಾಣಿ ಫ್ರೀಜರಿನಿಂದ ಹೊರಬಿತ್ತು. ನಿನ್ನೆಯಿಂದ ಮಾತಿಲ್ಲ.

ಎಲೆಕೋಸಿಗೆ ಚಳಿ ಬೇಕು. ಅಕ್ಟೋಬರಿನಲ್ಲಿ ಬಿತ್ತಬೇಕಾದದ್ದನ್ನು ಡಿಸೆಂಬರಿನಲ್ಲಿ ಬಿತ್ತಿದೆ. ತಪ್ಪು ನನ್ನದೇ. ಈಗ ಎಲೆಗಳೆಲ್ಲ ಬಾಯಿ ತೆರೆದು ಕೂತಿವೆ, ಒಂದೂ ಒಳಕ್ಕೆ ಮಡಚಿಕೊಳ್ಳುತ್ತಿಲ್ಲ. ಅಮೇಯ ದಿನಾ ಬಾಗಿಲಲ್ಲಿ ಕೇಳುತ್ತಾನೆ, "ಕಾಕಾ, ಗಡ್ಡಾ ಆಲಾ ಕಾ?" ಗಡ್ಡೆ ಬಂತೇ ಅಂತ. ಈ ವಾರ ಬರುತ್ತೆ ಅನ್ನುತ್ತೇನೆ. ಮೂರು ವಾರದಿಂದ ಅನ್ನುತ್ತಿದ್ದೇನೆ.

ಮಾರ್ಚ್ ೧೫, ಶನಿವಾರ

ಬರೆಯಬೇಕೋ ಬೇಡವೋ... ಬರೆದೇ ಬಿಡುತ್ತೇನೆ.

ಬೆಳಿಗ್ಗೆ ಸ್ಕೂಟರಿನಲ್ಲಿ ಭಾಜಿ ಮಾರ್ಕೆಟ್ಟಿಗೆ ಹೋದೆ. ದುಂಡಗಿನ, ತಿಳಿಹಸಿರಿನ ಒಂದು ಕೋಸು ಆರಿಸಿದೆ. ಡಿಕ್ಕಿಯಲ್ಲಿಟ್ಟು ತಂದೆ, ಕಳ್ಳಮಾಲಿನಂತೆ. ಬುಡ ಸಮ ಮಾಡಿ ಕತ್ತರಿಸಿ, ಎರಡನೇ ಬಕೆಟ್‌ನ ಗಿಡದ ನಡುವೆ ಕೂರಿಸಿದೆ. ಸುತ್ತ ಅದರದೇ ಎಲೆ ಒತ್ತಿದೆ. ಮೇಲೆ ನೀರು ಚಿಮುಕಿಸಿದೆ, ಹನಿ ನಿಲ್ಲಲಿ ಅಂತ. ನಾಲ್ಕು ಫೋಟೋ. ಗ್ರೂಪಿಗೆ ಹಾಕಿದೆ.

ನೂರಾ ಹನ್ನೆರಡು.

ಮಧ್ಯಾಹ್ನ ಅದೇ ಕೋಸಿನ ಪಲ್ಯ. ವರದಾ ಫೋನ್ ನೋಡಿದಳು, ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಈ ವಯಸ್ಸಿನಾಗ ಇದೊಂದು ಬಾಕಿ ಇತ್ತು ನೋಡ್ರಿ." ನಾನೂ ನಕ್ಕೆ. ಆದರೆ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದೆ. ಫ್ಯಾಕ್ಟರಿಯಲ್ಲಿ ಒಂದು ಗೆರೆ ಹೆಚ್ಚುಕಮ್ಮಿ ಇದ್ದರೂ ಮಾಲು ಬಿಡುತ್ತಿರಲಿಲ್ಲ. ಒಮ್ಮೆ ಮ್ಯಾನೇಜರನ ಎದುರೇ ಸಹಿ ಮಾಡಲು ಆಗುವುದಿಲ್ಲ ಅಂದವನು. ಆ ಕಥೆಯನ್ನು ಎಲ್ಲರಿಗೂ ಎಷ್ಟು ಸಲ ಹೇಳಿದ್ದೇನೆ.

ಮಾರ್ಚ್ ೧೯, ಬುಧವಾರ

ಅಕ್ಕ ಬಂದಳು. ಅವಳ ಮಗ ಕೇದಾರ ದೌಂಡಿನಿಂದ ಕರೆತಂದು ಬಿಟ್ಟು, ಚಹಾ ಕುಡಿದು ಹೋದ. ರೈಲ್ವೆ ಡ್ಯೂಟಿ, ರಜೆ ಇಲ್ಲ.

ಗುರುತೇ ಸಿಗಲಿಲ್ಲ ಒಂದು ಕ್ಷಣ. ಡೆಂಗ್ಯೂ ಬಂದು ಹೋಗಿ ತಿಂಗಳಾಗಿದೆ, ಮೈಯಲ್ಲಿ ಏನೂ ಉಳಿದಿಲ್ಲ. ತೂಕ ಮೂವತ್ತೊಂಬತ್ತು. ಎರಡೂ ಕಣ್ಣಲ್ಲಿ ಮೋತಿಬಿಂದುವಿನ ಪೊರೆ, ಮನುಷ್ಯರ ಆಕಾರವಷ್ಟೇ ಕಾಣುತ್ತದೆ. ಆಪರೇಷನ್ ಮಾಡಬೇಕಾದರೆ ಮೊದಲು ತೂಕ ಏರಬೇಕು ಅಂದಿದ್ದಾರೆ ಡಾಕ್ಟರು. ಅಕ್ಕ ಉಣ್ಣುವುದೇ ಇಲ್ಲ. "ನಾಲಿಗಿಗೆ ಎಲ್ಲಾ ಹಿಟ್ಟು ತಿಂದಂಗ ಆಗ್ತದೋ ಶ್ಯಾಮಾ."

ಅವ್ವ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತು. ನನ್ನ ಪರೀಕ್ಷೆ ಮುಗಿಯಲಿ ಅಂತ ಎರಡು ಸಲ ಹೆಣ್ಣು ನೋಡಲು ಬಂದವರನ್ನು ವಾಪಸು ಕಳಿಸಿದವಳು. ಅವಳಿಗೆ ನಾಲ್ಕು ತುತ್ತು ತಿನ್ನಿಸಲು ನನ್ನಿಂದ ಆಗುತ್ತಿಲ್ಲ.

ಮಾರ್ಚ್ ೨೧, ಶುಕ್ರವಾರ. ಸಂಜೆ

ಇವತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮಧ್ಯಾಹ್ನ ಅಮೇಯ ಬಾಗಿಲಲ್ಲಿ ನಿಂತು ನನ್ನ ಎಲೆಕೋಸನ್ನು ಹೊಗಳಿ ಹೋದ. ಒಳಗೆ ಅಕ್ಕ ಅರ್ಧ ಚಪಾತಿ ಮುಂದಿಟ್ಟುಕೊಂಡು ಕೂತಿದ್ದಳು. ಎಲ್ಲ ಕೇಳಿಸಿತ್ತು.

"ಕೋಬಿ ಬೆಳದೀಯಂತ? ಮನ್ಯಾಗ?"

ಆ ಮುಖ. ತಿಂಗಳಿಂದ ಸತ್ತಂತಿದ್ದ ಮುಖ ಬೆಳಗಿತು. ಅವಳಿಗೆ ಎಲೆಕೋಸು ಅಂದರೆ ಪ್ರಾಣ. ಹಸಿ ಕೋಸನ್ನೂ ತಿನ್ನುವವಳು. ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ಭಾವ ತೀರಿಕೊಂಡ ವರ್ಷ ಗಯಾಕ್ಕೆ ಹೋಗಿದ್ದೆವು, ಅಕ್ಕ, ಕೇದಾರ, ನಾನು. ಪಿಂಡ ಹಾಕಿದ ಮೇಲೆ ಆಲದ ಮರದ ಕೆಳಗೆ ಒಂದು ಹಣ್ಣು, ಒಂದು ಕಾಯಿಪಲ್ಯ ಬಿಡಬೇಕು, ಜೀವ ಇರುವವರೆಗೆ. ಸಾಮಾನ್ಯವಾಗಿ ಜನ ಹಾಗಲಕಾಯಿ ಬಿಡುತ್ತಾರೆ. ನಾನೂ ಹಾಗಲಕಾಯಿ ಬಿಟ್ಟೆ, ಮೊದಲೇ ತಿನ್ನುತ್ತಿರಲಿಲ್ಲ. ಅಕ್ಕ ಕೋಬಿ ಅಂದಳು. ನಾನು ಕಿವಿಯಲ್ಲಿ, ಬೇರೆ ಏನಾದರೂ ಬಿಡು ಅಂದೆ. "ಬ್ಯಾಡಾದದ್ದು ಬಿಟ್ಟರ ಅದು ಬಿಟ್ಟಂಗ ಆಗ್ತದೇನು?" ಅಂದಿದ್ದಳು.

ಇವತ್ತು ಆ ಮುಖ ನೋಡಿ ನನ್ನ ಬುದ್ಧಿ ಓಡಿತು. ಚುರುಕು ಬುದ್ಧಿ.

"ಅಕ್ಕಾ, ನೀ ಗಯಾದಾಗ ಬಿಟ್ಟದ್ದು ಭೂಮ್ಯಾಗ ಬೆಳದ ಕೋಬಿ. ಇದು ಭೂಮಿ ಮುಟ್ಟೇ ಇಲ್ಲ. ಬರೇ ನೀರಿನಾಗ ಬೆಳದದ್ದು. ಇದು ಆ ಜಾತೀನ ಅಲ್ಲ."

"ಮಣ್ಣ ಇಲ್ಲೇನು? ಒಟ್ಟ ಇಲ್ಲ?"

"ಒಂದು ಕಣ ಇಲ್ಲ."

ಅಕ್ಕ ನಾಲ್ಕು ಬೆರಳಿನಿಂದ ತಟ್ಟೆಯ ಅಂಚು ಸವರುತ್ತ ಕೂತಳು. ವರದಾ ಅಡಿಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಳು. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ, ಮುಂದಿನ ಚಳಿಗಾಲಕ್ಕೆ ಖರೇ ಬೆಳೆದು ತಿನ್ನಿಸೋಣ ಅಂತ. ಈಗಲೇ ಕೇಳಿದರೆ...

ಮಾರ್ಚ್ ೨೩, ಭಾನುವಾರ

ಅಕ್ಕ ಎರಡು ದಿನ ಯೋಚಿಸಿದ್ದಾಳೆ. ಬೆಳಿಗ್ಗೆ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಭಟ್ಟರನ್ನ ಕೇಳೋಣು ಅನಕೊಂಡೆ. ಮತ್ತ ಅಂದೆ, ಅವರಿಗೇನು ಗೊತ್ತು ಇದರಾಗ. ನೀ ಓದಿದಾಂವ. ನೀ ಮಣ್ಣಿಲ್ಲ ಅಂದ್ರ ಮಣ್ಣಿಲ್ಲ. ನೀ ಎಂದರ ನನ್ನ ಮುಂದ ಸುಳ್ಳ ಹೇಳೀಯೇನು? ನಾಳೆ ಮಾಡ್ರಿ. ನೀ ಬೆಳದದ್ದು ನಾ ತಿಂತೀನಿ."

ನನ್ನ ಹತ್ತಿರ ಎಲೆಗಳಿವೆ. ಗಡ್ಡೆ ಇಲ್ಲ. ಆಗಲೇ ಹೇಳಬಹುದಿತ್ತು. ಫೋಟೋದ ಕಥೆ ಹೇಳಿದ್ದರೆ ಅಕ್ಕ ನಗುತ್ತಿದ್ದಳು, ತಲೆಗೊಂದು ಹೊಡೆಯುತ್ತಿದ್ದಳು, ಮುಗಿಯುತ್ತಿತ್ತು. ನಾನು "ಹೂಂ" ಅಂದೆ.

ಮಾರ್ಚ್ ೨೪, ಸೋಮವಾರ

ಏಳು ಗಂಟೆಗೆ ಮಾರ್ಕೆಟ್ಟಿಗೆ. ಮತ್ತೆ ಡಿಕ್ಕಿ. ಮತ್ತೆ ಎರಡನೇ ಬಕೆಟ್.

ಹತ್ತು ಗಂಟೆಗೆ ಅಕ್ಕ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಗಿಡದ ಮೇಲಿದ್ದಾಗಲೇ ಮುಟ್ಟಿ ನೋಡಬೇಕು ಅಂದಳು. ಕೈ ಹಿಡಿದು ಬಾಲ್ಕನಿಗೆ ಕರೆತಂದೆ. ಅವಳ ಕಣ್ಣಿಗೆ ಅದೊಂದು ಹಸಿರು ಮಬ್ಬು. ಕೈ ಮುಂದೆ ಚಾಚಿದಳು. ಆ ಕೈಯನ್ನು ನಾನೇ ಹಿಡಿದು ಕೋಸಿನ ಮೇಲಿಟ್ಟೆ.

"ಎಷ್ಟ ಗಟ್ಟಿ ಕಟ್ಟೇದೋ. ತಣ್ಣಗ ಅದ."

ಆಮೇಲೆ ಎರಡೂ ಕೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದಳು, ತುಳಸಿ ಕೊಯ್ಯುವ ಮೊದಲು ಮಾಡುವಂತೆ. ಏನೋ ಹೇಳಿಕೊಂಡಳು, ಭಾವನ ಹೆಸರು ಕೇಳಿಸಿತು. ನಾನು ಚಾಕು ತೆಗೆದೆ. ಕೊಯ್ಯಲು ಏನೂ ಇರಲಿಲ್ಲ. ಸಪ್ಪಳ ಬೇಕಿತ್ತಲ್ಲ, ನನ್ನ ಗಿಡದ ಒಳ್ಳೆಯ ಎಲೆಯೊಂದರ ದಂಟನ್ನು ಕೊಯ್ದೆ. ಕೋಸನ್ನು ಎತ್ತಿ ಅವಳ ಸೆರಗಿಗೆ ಹಾಕಿದೆ.

ಊಟಕ್ಕೆ ಕಡಲೆಬೇಳೆ ಹಾಕಿದ ಪಲ್ಯ. ಎರಡು ಚಪಾತಿ ತಿಂದಳು. ಮತ್ತೆ ಹಾಕಿಸಿಕೊಂಡಳು. ತಿನ್ನುತ್ತ ಕಣ್ಣೊರೆಸಿಕೊಂಡಳು. "ಹನ್ನೊಂದು ವರ್ಷ ಆತೋ ಶ್ಯಾಮಾ. ರುಚಿ ಮರತಿಲ್ಲ ನೋಡು ನಾಲಿಗಿ."

ನಾನು ಮಜ್ಜಿಗೆ ಕುಡಿದು ಎದ್ದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ ಬಹಳ ಹೊತ್ತು. ಕನ್ನಡಿ ನೋಡಲಿಲ್ಲ.

ಮಾರ್ಚ್ ೨೫, ಮಂಗಳವಾರ

ನೀರು, ಪಿಎಚ್ ನೋಡಿಲ್ಲ.

ನಿನ್ನೆ ಕೋಸು ಹೆಚ್ಚಿದವಳು ವರದಾ. ಬುಡದಲ್ಲಿ ಕೆಂಪು ಮಣ್ಣು ಸಿಕ್ಕಿಕೊಂಡಿತ್ತಂತೆ, ಮೂರು ಸಲ ತೊಳೆದಳಂತೆ. ಅಷ್ಟನ್ನು ಮಾತ್ರ ಹೇಳಿದಳು, ಪಾತ್ರೆ ಒರೆಸುತ್ತ.

ಮಾರ್ಚ್ ೨೯, ಶನಿವಾರ

ಎರಡನೇ ಸಲ. ಅಕ್ಕನೇ ಕೇಳಿದಳು. ಈ ಸಲ ಬಾಲ್ಕನಿಗೆ ಬರಲಿಲ್ಲ, ನನ್ನ ಮೇಲೆ ಬಿಟ್ಟಳು.

ಸಂಜೆ ಅವಳನ್ನು ಕೆಳಗೆ ವಾಕಿಂಗ್ ಕರೆದುಕೊಂಡು ಹೋದೆ, ಗೇಟಿನವರೆಗೆ. ಅಷ್ಟರಲ್ಲಿ, ಬೆಳಿಗ್ಗೆ ನನಗೆ ಕೋಸು ಮಾರಿದ ಭಾಜಿಯ ಹೆಂಗಸು ತನ್ನ ಗಾಡಿ ತಳ್ಳಿಕೊಂಡು ಎದುರಿಗೆ ಬಂದಳು. "ಕಾಕಾ, ಸಕಾಳಚಾ ಕೋಬೀ ಕಸಾ ಹೋತಾ?" ಬೆಳಗಿನ ಕೋಬಿ ಹೇಗಿತ್ತು ಅಂತ. ಅಕ್ಕನ ಕೈ ನನ್ನ ತೋಳಿನಲ್ಲಿತ್ತು. ಅರ್ಧ ಶತಮಾನ ದೌಂಡಿನಲ್ಲಿ ಇದ್ದವಳಿಗೆ ಮರಾಠಿ ತಿಳಿಯುವುದಿಲ್ಲವೇ.

"ವಾಚ್‌ಮನ್‌ಗ ತಂದು ಕೊಟ್ಟಿದ್ದೆ ಅಕ್ಕಾ," ಅಂದೆ. ಕೇಳುವ ಮೊದಲೇ ಅಂದೆ.

"ಛಲೋ ಮಾಡಿದಿ. ಪಾಪ, ಅವರಿಗೂ ಬೇಕಲ್ಲ," ಅಂದಳು.

ಸಂಶಯದ ಒಂದು ಎಳೆಯೂ ಇಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಮಾರ್ಚ್ ೩೦

ಯುಗಾದಿ. ಅಕ್ಕನ ತೂಕ ೪೦.೪. ಎಲ್ಲರಿಗೂ ಖುಷಿ.

ಏಪ್ರಿಲ್ ೧, ಮಂಗಳವಾರ. ಮಧ್ಯಾಹ್ನ ೧೨:೩೦

ನನ್ನ ಸುಳ್ಳು ದೌಂಡಿನವರೆಗೂ ಹೋಗಿದೆ.

ಅಕ್ಕ ದೌಂಡಿನ ತನ್ನ ಗೆಳತಿಯೊಡನೆ ಫೋನಿನಲ್ಲಿದ್ದಳು. ಸರೋಜಮ್ಮ. ರೈಲ್ವೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ, ಜೊತೆಗೆ ಭಜನೆಗೆ ಹೋಗುವವರು. ಹದಿನೈದು ನಿಮಿಷ ನನ್ನ ಗುಣಗಾನ. ಆಮೇಲೆ ಕೇಳಿಸಿತು, "ಕೋಬಿ ಅಷ್ಟ ಅಲ್ಲವಾ, ಬದನಿಕಾಯಿ ಸುದ್ಧಾ ಬೆಳಿತಾನಂತ. ಮಣ್ಣ ಬ್ಯಾಡ. ನಿನ್ನ ಸಲುವಾಗಿ ನಾ ಹೇಳ್ತೀನಿ ಅವಗ."

ಸರೋಜಮ್ಮನ ಮಗ ಇಪ್ಪತ್ತಾರಕ್ಕೆ ಬೈಕಿನಿಂದ ಬಿದ್ದು ತೀರಿಕೊಂಡ. ಅವನ ಹೆಸರಿನಲ್ಲಿ ಗಯಾದಲ್ಲಿ ಬದನೆಕಾಯಿ ಬಿಟ್ಟು ಬಂದಿದ್ದಾಳೆ. ಮಗನಿಗೆ ಅದೇ ಬಹಳ ಸೇರುತ್ತಿತ್ತಂತೆ.

ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟಳು.

"ನಮಸ್ಕಾರ್ರಿ. ಅಕ್ಕಾರು ಹೇಳಿದ್ರು. ಖರೇನ ಮಣ್ಣ ಮುಟ್ಟೂದಿಲ್ಲೇನ್ರಿ? ನನಗ ತಿನ್ನೂ ಆಸೆ ಅಲ್ರಿ... ಅವನ ಹುಟ್ಟಿದ ದಿವ್ಸ ಬರ್ತದ ಮುಂದಿನ ತಿಂಗಳ. ಅವತ್ತ ಒಂದ ದಿವ್ಸ ಎಣ್ಣಿಗಾಯಿ ಮಾಡಿ ಎಡಿ ಹಿಡಿಬೇಕಂತ. ನೀವು ಹೇಳಿದ್ರ ಸಾಕ್ರಿ. ನಿಮ್ಮ ಮಾತಿಗೆ ಎರಡ ಇಲ್ಲ ಅಂತಾರ ನಿಮ್ಮ ಅಕ್ಕಾರು."

ನನ್ನ ಬಾಯಿಂದ ಬಂದದ್ದು, "ನೋಡೋಣ್ರಿ." ಇಲ್ಲ ಅನ್ನಲಿಲ್ಲ. ಆ ತಾಯಿಗೂ ಇಲ್ಲ ಅನ್ನಲಿಲ್ಲ ನಾನು.

ಥೂ.

ಏಪ್ರಿಲ್ ೨, ಬುಧವಾರ

ವರದಾಗೆ ಹೇಳಿದೆ, ಅಕ್ಕನಿಗೆ ಎಲ್ಲ ಹೇಳಿಬಿಡುತ್ತೇನೆ ಅಂತ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಈಗ ಹೇಳಬ್ಯಾಡ್ರಿ. ಆಕಿ ಈಗರೆ ಉಣ್ಣಲಿಕತ್ತಾಳ. ಹೇಳಿದ್ರ ಉಪಾಸ ಕೂಡ್ತಾಳ. ನಲವತ್ತು ಕಿಲೋ ಮೈಯಾಗ ಏನ ಅದ ಉಪಾಸ ಮಾಡ್ಲಿಕ್ಕೆ? ಆಪರೇಷನ್ ಆಗ್ಲಿ, ಕಣ್ಣ ಬರ್ಲಿ, ಆಮ್ಯಾಲೆ ಹೇಳ್ರಿ."

"ಸರೋಜಮ್ಮ?"

"ಆಕಿಗೆ ಬದನಿಕಾಯಿ ಬರೂದಿಲ್ಲ ಅಂತ ಹೇಳ್ರಿ, ಮುಗೀತು."

ಮಾತು ಸರಿ ಇದೆ. ಅದೇ ತೊಂದರೆ. ಅಕ್ಕನ ಒಳ್ಳೆಯದಕ್ಕೆ ಅಂದುಕೊಂಡರೆ ನನಗೆ ಸುಖವಾಗಿ ನಿದ್ದೆ ಬರುತ್ತದೆ. ಹೀಗೇ ಮೊದಲ ದಿನವೂ ಅಂದುಕೊಂಡಿದ್ದೆ. ಆದರೆ ಆ ಸೋಮವಾರ ಚಾಕು ಹಿಡಿದು ಸಪ್ಪಳ ಮಾಡಿದ್ದು ಅಕ್ಕನ ಒಳ್ಳೆಯದಕ್ಕಲ್ಲ. ನಾನು ಬೆಳೆಯಲಾರದವನು ಅಂತ ತಿಳಿಯಬಾರದು, ಅದಕ್ಕೆ. ಇದನ್ನು ವರದಾಗೂ ಹೇಳಲಿಲ್ಲ.

ಏಪ್ರಿಲ್ ೪, ಶುಕ್ರವಾರ. ಬೆಳಿಗ್ಗೆ ೧೧

ಹೇಳಿದೆ.

ಅಕ್ಕ ಸೋಫಾದ ಮೇಲೆ ಹೂಬತ್ತಿ ಹೊಸೆಯುತ್ತಿದ್ದಳು. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು. ನಾನು ಕೆಳಗೆ ನೆಲದ ಮೇಲೆ ಕೂತೆ. ಎಲ್ಲಿಂದ ಶುರು ಮಾಡಲಿ ತಿಳಿಯಲಿಲ್ಲ. ಬಿಸಿಲು, ನೀರಿನ ಡಿಗ್ರಿ, ಡಿಸೆಂಬರಿನಲ್ಲಿ ತಡವಾಗಿ ಬಿತ್ತಿದ್ದು, ಏನೇನೋ ಹೇಳುತ್ತಿದ್ದೆ. ಅಕ್ಕ ಹೂಂ, ಹೂಂ ಅನ್ನುತ್ತಿದ್ದಳು.

"ಅಕ್ಕಾ, ನನ್ನ ಗಿಡಕ್ಕ ಗಡ್ಡೀನ ಕಟ್ಟಲಿಲ್ಲ. ನೀ ತಿಂದದ್ದು ಪ್ಯಾಟ್ಯಾಗಿಂದು."

ಬೆರಳು ಇನ್ನೂ ಎರಡು ಬತ್ತಿ ಹೊಸೆದವು. ಆಮೇಲೆ ನಿಂತವು.

"ಎರಡೂ ಸಲ?"

"ಎರಡೂ ಸಲ."

"ಅವತ್ತ ನಾ ಕೈ ಮುಗದೆನಲ್ಲ, ಅದು?"

"ಅದೂ ಪ್ಯಾಟಿದ ಅಕ್ಕಾ."

ಹೊರಗೆ ಯಾರೋ ಮಿಕ್ಸರ್ ಹಾಕಿದ್ದರು. ಅಕ್ಕ ಹೊಸೆದ ಬತ್ತಿಗಳನ್ನು ಒಂದು ಕಡೆ ಸರಿಸಿದಳು.

"ವರದಾಗ ಗೊತ್ತಿತ್ತೇನು?"

ನಾನು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ವರದಾ ಬಂದಳು. "ಗೊತ್ತಿತ್ರಿ ಅಕ್ಕಾರ. ನಾನ ಹೆಚ್ಚಿದೆ." ಅಳುತ್ತಿದ್ದಳು. ನನ್ನಿಂದಾಗಿ ಅವಳೂ ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಅಕ್ಕ ಹತ್ತಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. "ಗಯಾದಾಗ ಬಿಟ್ಟಾಕಿ ನಾನು. ಆಸೆ ಮಾಡಿದಾಕಿನೂ ನಾನು. ಅದು ನಂದು, ಅದನ್ನ ನಾ ನೋಡ್ಕೋತೀನಿ. ಸರೋಜಾಗ ಈಗ ಫೋನ್ ಹಚ್ಚು. ನೀನ ಹೇಳು. ನನ್ನ ಮುಂದ."

ಹಚ್ಚಿದೆ. ಹೇಳಿದೆ, ಪೂರಾ. ಆ ಕಡೆಯಿಂದ, "ಇರ್ಲಿ ಬಿಡ್ರಿ. ದೇವರು ನನ್ನ ಉಳಿಸಿದ. ನಿಮ್ಮ ಅಕ್ಕಾರ ಆರೋಗ್ಯ ನೋಡ್ಕೋರಿ." ಅಷ್ಟೇ. ಮೊನ್ನೆ ಎಷ್ಟು ಮಾತಾಡಿದ ಹೆಣ್ಣುಮಗಳು.

ಅರವತ್ತೆರಡು ವರ್ಷದಲ್ಲಿ ಇಷ್ಟು ಸಣ್ಣವನಾದದ್ದು ನೆನಪಿಲ್ಲ.

ಏಪ್ರಿಲ್ ೫, ಶನಿವಾರ

ವರದಾ ಹೇಳಿದ ಹಾಗೇ ಆಯಿತು. ಅಕ್ಕ ನಿನ್ನೆ ಮಧ್ಯಾಹ್ನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲ. ಜಪ ಮಾಡುತ್ತ ಗೋಡೆಗೆ ಒರಗಿ ಕೂತಿದ್ದಾಳೆ. ಡಾಕ್ಟರಿಗೆ ಫೋನ್ ಮಾಡಿದರೆ ನನಗೇ ಬೈದರು. ನಾನೂ ಉಪವಾಸ ಮಾಡುತ್ತೇನೆ ಅಂದೆ.

"ನೀ ಉಣ್ಣು," ಅಂದಳು. "ನಿನ್ನ ಉಪಾಸ ಯಾರಿಗೆ ಬೇಕಾಗೇದ."

ಗಟ್ಟಿ ದನಿಯಲ್ಲೇನೂ ಅಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಲಗು ಅನ್ನುತ್ತಿದ್ದಳಲ್ಲ, ಅದೇ ದನಿ.

ಮಧ್ಯಾಹ್ನ ಬಕೆಟ್‌ಗಳನ್ನೆಲ್ಲ ಖಾಲಿ ಮಾಡಿದೆ. ಗಿಡ ಕಿತ್ತೆ. ಬೇರು ಎರಡು ಅಡಿ ಉದ್ದ, ಬೆಳ್ಳಗೆ, ಚೊಕ್ಕಟ. ಗಿಡದ ತಪ್ಪೇನೂ ಇರಲಿಲ್ಲ. ಆಮೇಲೆ ಗ್ರೂಪಿನಲ್ಲಿ ಬರೆದೆ, ಆ ಫೋಟೋ ಸುಳ್ಳು, ಕೋಬಿ ಪೇಟೆಯದು. ಯಾರೋ ನಗುವ ಮುಖ ಹಾಕಿದರು. ಅಮೇಯ ಏನೂ ಹಾಕಿಲ್ಲ. ಲಿಫ್ಟಿನಲ್ಲಿ ಸಿಕ್ಕ, ಫೋನ್ ನೋಡುತ್ತಿದ್ದ.

ಏಪ್ರಿಲ್ ೬, ಭಾನುವಾರ

ರಾಮನವಮಿ. ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕ ಪಾನಕ ಕುಡಿದಳು, ಕೋಸಂಬರಿ ತಿಂದಳು. ಸಂಜೆ ಅನ್ನ-ಸಾರು. ತೂಕ ೩೯.೬. ದೇವರಿಗೆ ದೊಡ್ಡ ನಮಸ್ಕಾರ ಹಾಕಿದೆ.

ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಅಕ್ಕ ನನ್ನ ಕರೆದಿದ್ದಳು. "ಏಕಾದಶಿ ಆದ ಮ್ಯಾಲೆ ದೌಂಡಿಗೆ ಬಿಟ್ಟು ಬಾರೋ. ಮನಿ ನೆನಪಾಗ್ಯದ."

"ನನ್ನ ಮ್ಯಾಲೆ ಸಿಟ್ಟೇನಕ್ಕಾ?"

"ಸಿಟ್ಟೆಲ್ಲಿದೋ. ಹುಚ್ಚಪ್ಪ." ತಲೆ ಸವರಿದಳು. ಕೂದಲು ಉಳಿದಿಲ್ಲ ಅಂತ ನಕ್ಕಳು. ವರದಾಳ ಕೈ ಹಿಡಿದು, "ಊಟಕ್ಕ ಛಲೋ ಮಾಡ್ತೀ ನೀ" ಅಂದಳು. ಆಪರೇಷನ್ನಿಗೆ ಮತ್ತೆ ಬರುತ್ತಾಳಂತೆ.

ಎದೆ ಮೇಲಿನ ಕಲ್ಲು ಇಳಿಯಿತು. ಇವತ್ತು ಎರಡು ಹೊತ್ತೂ ಉಂಡೆ. ಮುಗಿಯಿತು ಅನ್ನಿಸುತ್ತದೆ. ಬಾಲ್ಕನಿಯಲ್ಲಿ ವರದಾ ಬಟ್ಟೆ ಒಣಹಾಕಿದ್ದಾಳೆ.

ಏಪ್ರಿಲ್ ೯, ಬುಧವಾರ. ಸಂಜೆ ೬

ದೌಂಡಿನಿಂದ ಈಗ ಬಂದೆ. ಸ್ನಾನ ಮಾಡಿಲ್ಲ.

ಬೆಳಿಗ್ಗೆ ಪುಣೆ ಸ್ಟೇಷನ್. ಗದ್ದಲ. ಸೋಲಾಪುರದ ಕಡೆ ಹೋಗುವ ಕೆಲವು ಗಾಡಿಗಳು ಈಗ ದೌಂಡಿಗೆ ನಿಲ್ಲುವುದಿಲ್ಲ, ಅದಕ್ಕೇ ನಿನ್ನೆಯೇ ವಿಚಾರಿಸಿ ಇಟ್ಟಿದ್ದೆ. ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿದೆ. ದಾರಿಯುದ್ದಕ್ಕೂ ಹರಟೆ ಹೊಡೆದಿದ್ದಳು. ಕೇದಾರನಿಗೆ ಹೆಣ್ಣು ನೋಡಬೇಕು, ಮೊಣಕಾಲಿಗೆ ಹೊಸ ಎಣ್ಣೆ ಸಿಕ್ಕಿದೆ, ಇಂಥದ್ದೇ.

ಗಾಡಿ ಬಂತು. ಕೈ ಹಿಡಿದು ಎಬ್ಬಿಸಿದೆ. "ಇದ ನೋಡಕ್ಕಾ ನಮ್ಮ ಗಾಡಿ. ದೌಂಡಿಗೆ ನಿಲ್ತದ."

"ಹೂಂ," ಅಂದಳು.

ಎರಡು ಹೆಜ್ಜೆ ಹಾಕಿ ನಿಂತಳು. ಎಡಕ್ಕೆ ತಿರುಗಿದಳು. ಅಲ್ಲಿ ಒಬ್ಬ ಹೆಂಗಸು ಚೀಲ ಎತ್ತಿಕೊಳ್ಳುತ್ತಿದ್ದಳು. ಅಕ್ಕ ತಡವರಿಸಿ ಅವಳ ತೋಳು ಮುಟ್ಟಿ ಕೇಳಿದಳು.

"ಬಾಯಿ, ಹೀ ಗಾಡೀ ದೌಂಡಲಾ ಥಾಂಬತೇ ಕಾ?" ಈ ಗಾಡಿ ದೌಂಡಿಗೆ ನಿಲ್ಲುತ್ತದೆಯೇ ಅಂತ.

ನನ್ನನ್ನು ಚುಚ್ಚಲು ಕೇಳಿದ್ದಲ್ಲ. ಅಕ್ಕನಿಗೆ ಹಾಗೆ ಚುಚ್ಚಲು ಬರುವುದಿಲ್ಲ. ದನಿ ತಣ್ಣಗಿತ್ತು, ಕಣ್ಣು ಕಾಣದ ಯಾವ ಮುದುಕಿಯಾದರೂ ಕೇಳುವ ಹಾಗೆ, ದಾರಿಹೋಕರನ್ನು. ಕೇಳಿಕೊಳ್ಳಬೇಕು ಅನ್ನಿಸಿತು, ಕೇಳಿದಳು.

ಆ ಹೆಂಗಸು ಅಕ್ಕನನ್ನು ನೋಡಿದಳು. ಆಮೇಲೆ ನನ್ನನ್ನು. ನನ್ನ ಒಂದು ಕೈಯಲ್ಲಿ ಅಕ್ಕನ ಕೈ ಇತ್ತು, ಇನ್ನೊಂದರಲ್ಲಿ ಎರಡು ಟಿಕೆಟ್.

"ಹೋ ಆಜೀ, ಥಾಂಬತೇ."

ಆಗ ಅಕ್ಕ ಹತ್ತಿದಳು. ನಾನು ಅವಳ ಚೀಲ ಹಿಡಿದುಕೊಂಡು ಹಿಂದಿನಿಂದ ಹತ್ತಿದೆ.